ಹಾಲು ಸಾಲುತ್ತಿದೆಯೇ? ಉತ್ತರ ಲಂಗೋಟಿಯಲ್ಲಿದೆ

ಬಟ್ಟೆಬರೆ, ತೊಟ್ಟಿಲು, ಆಸ್ಪತ್ರೆಯ ಕಾಗದಪತ್ರ ಎಲ್ಲವನ್ನೂ ತಿಂಗಳ ಮೊದಲೇ ಜೋಡಿಸಿಡುವ ಕುಟುಂಬಗಳು, ಹಾಲುಣಿಸುವ ವಿಚಾರವನ್ನು ಮಾತ್ರ ಮಗು ಹುಟ್ಟಿದ ಮೇಲೆ ತಾನಾಗಿಯೇ ಆಗುತ್ತದೆಂದು ಬಿಟ್ಟುಬಿಡುತ್ತವೆ. ಎದೆಯಲ್ಲಿ ಹಾಲು ಊರುವುದು ದೇಹ ತಾನೇ ಮಾಡುವ ಕೆಲಸ. ಮಗುವನ್ನು ಎದೆಗೆ ಹಿಡಿಯುವುದನ್ನು ತಾಯಿ ಮತ್ತು ಮಗು ಇಬ್ಬರೂ ಕಲಿಯಬೇಕಾಗುತ್ತದೆ. ಆ ಕಲಿಕೆಯ ದಿನಗಳಲ್ಲಿ ಏನನ್ನು ನೋಡಬೇಕು, ಯಾರನ್ನು ಕೇಳಬೇಕು ಎಂಬೆರಡು ಸಂಗತಿ ಮೊದಲೇ ಗೊತ್ತಿದ್ದರೆ ಆತಂಕದ ಬಹುಪಾಲು ಇಳಿಯುತ್ತದೆ.

ಹೆರಿಗೆಗೆ ಮೊದಲು

ಏಳನೇ ತಿಂಗಳ ಹೊತ್ತಿಗೆ ವೈದ್ಯರ ಬಳಿ ಈ ವಿಷಯವನ್ನು ಪ್ರತ್ಯೇಕವಾಗಿ ಎತ್ತಬೇಕು. ಹಿಂದೆ ಸ್ತನದ ಶಸ್ತ್ರಚಿಕಿತ್ಸೆಯಾಗಿದ್ದರೆ, ಥೈರಾಯ್ಡ್, ಮಧುಮೇಹ ಅಥವಾ ಪಿಸಿಒಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನು ತೊಂದರೆ) ಇದ್ದರೆ, ಮೊದಲ ಮಗುವಿಗೆ ಹಾಲುಣಿಸುವಾಗ ತೊಂದರೆಯಾಗಿದ್ದರೆ, ನಿತ್ಯವೂ ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೆಲ್ಲ ಹೇಳಿಬಿಡುವುದು ಒಳ್ಳೆಯದು. ಇವುಗಳಲ್ಲಿ ಕೆಲವು ಹಾಲು ಇಳಿಯುವುದನ್ನು ತಡಮಾಡಬಹುದು ಅಥವಾ ಪ್ರಮಾಣವನ್ನು ಕಡಿಮೆ ಮಾಡಬಹುದು. ಔಷಧಿಗಳ ಪೈಕಿ ಹೆಚ್ಚಿನವನ್ನು ಹಾಲುಣಿಸುವಾಗಲೂ ಮುಂದುವರಿಸಬಹುದು, ಆದರೆ ಅದನ್ನು ವೈದ್ಯರೇ ಹೇಳಬೇಕು. ತೊಟ್ಟುಗಳನ್ನು ಉಜ್ಜಿ, ಎಳೆದು ಗಟ್ಟಿ ಮಾಡಬೇಕೆಂಬ ಸಲಹೆ ಇನ್ನೂ ಅಲ್ಲಲ್ಲಿ ಕೇಳಿಬರುತ್ತದೆ, ಅದರ ಅಗತ್ಯವಿಲ್ಲ. ತೊಟ್ಟಿನ ಸುತ್ತಲಿನ ಕಪ್ಪು ಭಾಗದಲ್ಲಿ ಕಾಣುವ ಸಣ್ಣ ಗುಳ್ಳೆಗಳಂಥ ಗ್ರಂಥಿಗಳು ತಾವೇ ಎಣ್ಣೆಯಂಶವನ್ನು ಒಸರಿಸಿ ಚರ್ಮವನ್ನು ಕಾಯುತ್ತವೆ. ಆ ಜಾಗಕ್ಕೆ ಸೋಪು ಹಚ್ಚದಿದ್ದರೆ ಸಾಕು.

ಆಸ್ಪತ್ರೆಯನ್ನು ಕೇಳಬೇಕಾದ ಪ್ರಶ್ನೆಗಳೂ ಇವೆ. ಮಗು ಹುಟ್ಟಿದ ಕೂಡಲೇ ತಾಯಿಯ ಎದೆಯ ಮೇಲೆ ಮಲಗಿಸುತ್ತಾರೆಯೇ? ಹಗಲು ರಾತ್ರಿ ತಾಯಿಯ ಕೋಣೆಯಲ್ಲೇ ಇರಿಸುತ್ತಾರೆಯೇ? ಹಾಲುಣಿಸಲು ಕೈಹಿಡಿದು ತೋರಿಸುವವರು ಯಾರು, ರಾತ್ರಿ ಪಾಳಿಯಲ್ಲೂ ಇರುತ್ತಾರೆಯೇ? ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1991ರಲ್ಲಿ ಆರಂಭಿಸಿದ ಶಿಶುಸ್ನೇಹಿ ಆಸ್ಪತ್ರೆ ಕಾರ್ಯಕ್ರಮ ಇಂಥ ಕ್ರಮಗಳನ್ನೇ ಮುಂದಿಡುತ್ತದೆ. ಗೋಡೆಯ ಮೇಲೆ ಪ್ರಮಾಣಪತ್ರ ತೂಗುತ್ತಿದ್ದರೂ ಪ್ರಶ್ನೆ ಕೇಳಿಯೇ ತಿಳಿದುಕೊಳ್ಳುವುದು ಮೇಲು. ಸ್ತನ್ಯಪಾನ ಸಲಹೆಗಾರ್ತಿ, ದಾದಿ, ಹಾಲುಣಿಸಿ ಅನುಭವವಿರುವ ಗೆಳತಿ, ಇವರಲ್ಲಿ ಇಬ್ಬರ ಫೋನ್ ನಂಬರನ್ನಾದರೂ ಈಗಲೇ ಬರೆದಿಡಬೇಕು. ಮನೆಯವರಿಗೂ ಒಂದು ಮಾತು ಹೇಳಿಟ್ಟಿರಬೇಕು: ಮೊದಲ ವಾರಗಳಲ್ಲಿ ಅಡುಗೆ, ಬಟ್ಟೆ, ಬಂದುಹೋಗುವವರ ಉಪಚಾರ ಯಾವುದೂ ಬಾಣಂತಿಯ ಪಾಲಿಗೆ ಬರಕೂಡದು.

ಮೊದಲ ಗಂಟೆ, ಮೊದಲ ಹನಿ

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಆರಂಭಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೈ ಒರೆಸಿದ ಮಗುವನ್ನು ಬಟ್ಟೆಯಿಲ್ಲದೆ ತಾಯಿಯ ಬರಿ ಎದೆಯ ಮೇಲೆ ಮಲಗಿಸಿ, ಮೇಲೊಂದು ಹೊದಿಕೆ ಹಾಕಿದರೆ ಅದು ಬೆಚ್ಚಗಿರುತ್ತದೆ, ಮೆಲ್ಲಗೆ ತಡಕಾಡುತ್ತ ತೊಟ್ಟಿನತ್ತ ಸರಿಯುತ್ತದೆ. ಆಗ ಸಿಗುವ ಗಿಣ್ಣುಹಾಲು ಮಂದವಾಗಿ, ಹಳದಿಯಾಗಿ, ಹನಿಹನಿಯಾಗಿ ಬರುತ್ತದೆ. ಇಷ್ಟೇನಾ ಎಂದು ಎದೆಗುಂದುವುದು ಬೇಡ, ಮೊದಲ ದಿನ ಮಗುವಿಗೆ ಒಂದು ಸಲಕ್ಕೆ ಬೇಕಾಗುವುದೇ ಸುಮಾರು ಒಂದು ಟೀ ಚಮಚದಷ್ಟು. ಹಾಲು ತುಂಬಿ ಇಳಿಯುವುದು ಸಾಮಾನ್ಯವಾಗಿ 2ರಿಂದ 4ನೇ ದಿನದ ನಡುವೆ. ಸಿಸೇರಿಯನ್ ಆಗಿದ್ದರೆ ತುಸು ತಡವಾಗಬಹುದು. ಹೊಲಿಗೆಯ ನೋವಿರುವವರು ಮಗ್ಗುಲಾಗಿ ಮಲಗಿಕೊಂಡೋ, ಮಗುವನ್ನು ಕಂಕುಳಡಿ ಹಿಡಿದೋ ಉಣಿಸಬಹುದು. ಮಗು ತೀವ್ರ ನಿಗಾ ಘಟಕದಲ್ಲಿದ್ದರೆ ಮೊದಲ ಕೆಲವು ಗಂಟೆಗಳಲ್ಲೇ ಕೈಯಿಂದ ಹಿಂಡಿ ತೆಗೆಯಲು ಶುರುಮಾಡಿ, ದಿನಕ್ಕೆ ಕನಿಷ್ಠ 8 ಸಲ ಅದನ್ನು ಮುಂದುವರಿಸಬೇಕು. ತೆಗೆದಷ್ಟೂ ಊರುವುದು ಎದೆಹಾಲಿನ ಲೆಕ್ಕ.

ಬಾಯಿ ಹಿಡಿಯುವ ಬಗೆ

ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಮರ್ಮ ಇರುವುದು ಇಲ್ಲಿ. ತೊಟ್ಟು ಬಿರಿಯುವುದು, ಹಾಲು ಕಟ್ಟಿಕೊಳ್ಳುವುದು, ಮಗುವಿನ ತೂಕ ಏರದಿರುವುದು, ಈ ಮೂರರ ಹಿಂದೆಯೂ ಅನೇಕ ವೇಳೆ ಇರುವುದು ತಪ್ಪು ಹಿಡಿತ.

ಬೆನ್ನಿಗೆ ಆಸರೆಯಿಟ್ಟು ಒರಗಿ ಕುಳಿತು, ಮಗುವನ್ನು ಎದೆಯ ಎತ್ತರಕ್ಕೆ ತಂದುಕೊಳ್ಳಬೇಕು; ತಾಯಿಯೇ ಮಗುವಿನತ್ತ ಬಗ್ಗಲು ಹೋದರೆ ಹತ್ತು ನಿಮಿಷದಲ್ಲಿ ಬೆನ್ನು ಸೋಲುತ್ತದೆ. ಮಗುವಿನ ಹೊಟ್ಟೆ ತಾಯಿಯ ಮೈಗೆ ತಾಗಿರಲಿ. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ. ಕತ್ತು ತಿರುಚಿಕೊಂಡು ನೀರು ಕುಡಿಯುವುದು ನಮಗೂ ಕಷ್ಟವಲ್ಲವೇ? ಮೂಗು ತೊಟ್ಟಿಗೆ ಎದುರಾಗುವಂತೆ ಹಿಡಿದು, ತೊಟ್ಟನ್ನು ಮೇಲ್ದುಟಿಗೆ ಮೆಲ್ಲಗೆ ಸೋಕಿಸಿ ಕಾಯಬೇಕು. ಮಗು ತಲೆಯನ್ನು ತುಸು ಹಿಂದಕ್ಕೆ ವಾಲಿಸಿ, ಆಕಳಿಸುವಷ್ಟು ಅಗಲವಾಗಿ ಬಾಯಿ ತೆರೆದ ಕೂಡಲೇ, ಅದರ ಬೆನ್ನಿಗೆ ಕೊಟ್ಟ ಕೈಯಿಂದ ಎದೆಗೆ ಅವುಚಿಕೊಳ್ಳಬೇಕು. ತಲೆಯ ಹಿಂಭಾಗವನ್ನು ಒತ್ತಕೂಡದು, ಒತ್ತಿದರೆ ಮಗು ಸೆಟೆದುಕೊಳ್ಳುತ್ತದೆ. ಗದ್ದ ಎದೆಗೆ ಹುದುಗಿ, ಕೆಳದುಟಿ ಹೊರಕ್ಕೆ ಮಡಚಿಕೊಂಡು, ಕೆನ್ನೆ ಗುಳಿಬೀಳದೆ ತುಂಬಿಕೊಂಡು, ಕಪ್ಪು ಭಾಗ ಬಾಯಿಯ ಕೆಳಗಿಗಿಂತ ಮೇಲೆ ಹೆಚ್ಚು ಕಾಣುತ್ತಿದ್ದರೆ ಹಿಡಿತ ಸರಿಯಿದೆ. ಮೊದಮೊದಲು ಚುರುಕಾಗಿ ಚೀಪಿದ ಮಗು ಹಾಲು ಇಳಿದೊಡನೆ ನಿಧಾನವಾಗಿ, ಆಳವಾಗಿ ಗುಟುಕರಿಸುತ್ತದೆ; ಗುಟುಕಿನ ಮೆಲುಸದ್ದು ಕಿವಿಗೆ ಬೀಳುತ್ತದೆ. ಲೊಚಲೊಚ ಸದ್ದು ಬಂದರೆ, ಮೊದಲ ಕೆಲವು ಕ್ಷಣ ಕಳೆದ ಮೇಲೂ ನೋವು ನಿಲ್ಲದಿದ್ದರೆ, ಬಾಯಿಂದ ಹೊರಬಂದ ತೊಟ್ಟು ಚಪ್ಪಟೆಯಾಗಿ ಕಂಡರೆ, ಬಾಯಿಯ ಅಂಚಿನಲ್ಲಿ ಶುಚಿಯಾದ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಿಡಿಸಬೇಕು. ಐದಾರು ಸಲ ಹೀಗೆ ಮಾಡಬೇಕಾಗಿ ಬಂದರೂ ಬೇಸರ ಬೇಡ.

ಗಡಿಯಾರ ನೋಡಿ ಉಣಿಸುವ ಅಗತ್ಯವಿಲ್ಲ. ಬಾಯಿ ಚಪ್ಪರಿಸುವುದು, ಮುಷ್ಟಿಯನ್ನು ಬಾಯಿಗೊಯ್ಯುವುದು, ಅತ್ತಿತ್ತ ತಲೆ ಹೊರಳಿಸಿ ಹುಡುಕುವುದು ಹಸಿವಿನ ಗುರುತುಗಳು. ಅಳು ಬರುವುದು ಕಟ್ಟಕಡೆಗೆ. ದಿನಕ್ಕೆ 8ರಿಂದ 12 ಸಲ ಉಣ್ಣುವುದು ಸಹಜ. ಮೊದಲ ದಿನಗಳಲ್ಲಿ ನಿದ್ದೆಯಲ್ಲೇ ಮುಳುಗಿರುವ ಮಗುವನ್ನು ಎಬ್ಬಿಸಿ ಉಣಿಸಬೇಕು.

ಸಾಲುತ್ತಿದೆಯೇ ಎಂಬ ಪ್ರಶ್ನೆ

ಮಗು ಅತ್ತಾಗಲೆಲ್ಲ ‘ಹಾಲು ಸಾಲುತ್ತಿಲ್ಲ’ ಎಂದು ತೀರ್ಪು ಕೊಡುವವರು ಸುತ್ತ ಇದ್ದೇ ಇರುತ್ತಾರೆ. ಅಳುವಿನಿಂದಾಗಲಿ, ಎದೆ ಮೆತ್ತಗಿದೆ ಎಂಬುದರಿಂದಾಗಲಿ ಇದನ್ನು ಅಳೆಯಲಾಗದು. ಸಂಜೆಯಾದರೆ ಗಂಟೆಗಟ್ಟಲೆ ಬಿಟ್ಟೂಬಿಡದೆ ಎದೆ ಹುಡುಕುವುದು ಎಷ್ಟೋ ಆರೋಗ್ಯವಂತ ಶಿಶುಗಳ ಅಭ್ಯಾಸ. ನೋಡಬೇಕಾದದ್ದು ಲಂಗೋಟಿಯನ್ನು. ಮೊದಲ ದಿನ ಒಂದು, ಎರಡನೇ ದಿನ ಎರಡು ಎಂಬಂತೆ ಹೆಚ್ಚುತ್ತ, ಐದನೇ ದಿನದಿಂದ 24 ಗಂಟೆಯಲ್ಲಿ ಆರು ಅಥವಾ ಹೆಚ್ಚು ಲಂಗೋಟಿ ಚೆನ್ನಾಗಿ ನೆನೆಯಬೇಕು. ಡಾಂಬರಿನಂತೆ ಕಪ್ಪಗಿದ್ದ ಮಲ ಹಸಿರಾಗಿ, ನಾಲ್ಕೈದನೇ ದಿನಕ್ಕೆ ಹಳದಿಗೆ ತಿರುಗಬೇಕು. ಹುಟ್ಟುತೂಕದಲ್ಲಿ ಮೊದಲಿಗೆ ಶೇ 7ರವರೆಗೆ ಇಳಿಯುವುದು ಸಾಮಾನ್ಯ. ಶೇ 10 ಮುಟ್ಟಿದರೆ ವೈದ್ಯರ ಪರೀಕ್ಷೆ ಅಗತ್ಯ. ಎರಡು ವಾರದೊಳಗೆ ಮಗು ಹುಟ್ಟುತೂಕಕ್ಕೆ ಮರಳಬೇಕು.

ಲೆಕ್ಕ ತಪ್ಪಿದ್ದು ಕಂಡರೆ ಕಾಯಬಾರದು. ವೈದ್ಯರು ಸ್ವಲ್ಪ ದಿನ ಶಿಶುಗಳಿಗೆಂದೇ ತಯಾರಿಸಿದ ಪುಡಿಹಾಲು (ಫಾರ್ಮುಲಾ) ಸೇರಿಸಿ ಎಂದರೆ ಅದು ತಾಯಿಯ ಸೋಲಲ್ಲ. ಪುಟ್ಟ ಲೋಟದಲ್ಲೋ ಚಮಚದಲ್ಲೋ ಅದನ್ನು ಕುಡಿಸುತ್ತ, ಜೊತೆಗೆ ಎದೆಹಾಲು ಹಿಂಡುವುದನ್ನು ಮುಂದುವರಿಸಿದರೆ ಪೂರ್ತಿ ಎದೆಹಾಲಿಗೆ ಮರಳುವ ದಾರಿ ತೆರೆದೇ ಇರುತ್ತದೆ.

ನೆರವು ಕೇಳುವ ಹೊತ್ತು

ಮಗು ಎಬ್ಬಿಸಿದರೂ ಏಳದಷ್ಟು ಮಂಕಾಗಿದ್ದರೆ, ಮೈ ಹಳದಿ ಹೆಚ್ಚುತ್ತಿದ್ದರೆ, ಜ್ವರ ಬಂದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ತಾಯಿಯ ಎದೆಯ ಒಂದು ಭಾಗ ಕೆಂಪಾಗಿ, ಗಟ್ಟಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ತಣ್ಣನೆಯ ಬಟ್ಟೆ ಇಟ್ಟು, ಜೋರಾಗಿ ತಿಕ್ಕದೆ ಉಣಿಸುವುದನ್ನು ಮುಂದುವರಿಸಬೇಕು. ಆ ಹಾಲು ಮಗುವಿಗೆ ಕೆಡುಕಲ್ಲ. ಚಳಿಜ್ವರ ಬಂದರೆ, ಇಲ್ಲವೇ ಒಂದು ದಿನದಲ್ಲಿ ನೋವು ಇಳಿಯದಿದ್ದರೆ ಔಷಧಿ ಬೇಕಾಗಬಹುದು. ತಾಯಿಗೆ ಎರಡು ವಾರ ಕಳೆದರೂ ಅಳು, ದಿಗಿಲು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಹೋಗದಿದ್ದರೆ ಅದಕ್ಕೂ ವೈದ್ಯರ ನೆರವು ಪಡೆಯಬೇಕು.

ಉಳಿದ ತೊಡಕುಗಳಿಗೆ ಸಲಹೆಗಾರ್ತಿ ಸಾಕು. ಆಕೆ ಮಗು ಉಣ್ಣುವುದನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ನೋಡಬೇಕು, ಮಗುವಿನ ನಾಲಗೆ ಬಾಯಿಯ ತಳಕ್ಕೆ ಅಂಟಿಕೊಂಡಿದೆಯೇ ಎಂದು ಪರೀಕ್ಷಿಸಬೇಕು. ನೋಡದೆಯೇ ಫೋನಿನಲ್ಲಿ ಪುಡಿಹಾಲೋ ಪಂಪೋ ಕೊಳ್ಳಲು ಹೇಳುವವರಿದ್ದರೆ ಇನ್ನೊಬ್ಬರನ್ನು ಹುಡುಕುವುದೇ ಸರಿ. ಭೇಟಿಗೆ ಹೊರಡುವಾಗ ಹಿಂದಿನ ಎರಡು ದಿನ ಎಷ್ಟು ಸಲ ಉಣಿಸಿದಿರಿ, ಎಷ್ಟು ಲಂಗೋಟಿ ಬದಲಿಸಿದಿರಿ ಎಂಬುದನ್ನು ಬರೆದುಕೊಂಡಿರಿ. ದಾರಿಯಲ್ಲಿ ಹೊಟ್ಟೆತುಂಬ ಉಣಿಸಿಬಿಡದೆ, ಅಲ್ಲಿಗೆ ತಲುಪುವ ಹೊತ್ತಿಗೆ ಮಗು ಹಸಿಯಲು ಶುರುವಾಗಿರುವಂತೆ ಸಮಯ ಹೊಂದಿಸಿಕೊಳ್ಳಿ.