ಕರ್ಕ್ಯುಮಿನ್ ಜೊತೆ 5-ಎಫ್‌ಯು: ನನ್ನ ಅನುಭವ

ಅರಿಶಿನದ ಕರ್ಕ್ಯುಮಿನ್ ಮತ್ತು ಕೀಮೋ ಔಷಧಿ 5-ಎಫ್‌ಯು (5-ಫ್ಲೂರೊಯುರಾಸಿಲ್) ಜೋಡಿಯಾಗಿ ಕ್ಯಾನ್ಸರ್ ಸೆಲ್ ಕೊಲ್ಲುವ ದಾರಿ ಕೊನೆಗೂ ಸಿಕ್ಕಿತು. ಎಚ್‌ಸಿಟಿ116 ಎಂಬ ದೊಡ್ಡ ಕರುಳಿನ ಕ್ಯಾನ್ಸರ್ ಸೆಲ್‌ಗಳಲ್ಲಿ ಈ ಜೋಡಿಯ ಕಾಂಬಿನೇಶನ್ ಇಂಡೆಕ್ಸ್ 0.6ರ ಆಸುಪಾಸು ಬಂತು (1ಕ್ಕಿಂತ ಕಡಿಮೆ ಎಂದರೆ ಒಂದಕ್ಕೊಂದು ಬಲ ಕೊಡುತ್ತವೆ, ಹೆಚ್ಚು ಎಂದರೆ ಒಂದನ್ನೊಂದು ತಡೆಯುತ್ತವೆ). ಬೇರೆ ಬೇರೆ ಪ್ಯಾಸೇಜ್‌ಗಳಲ್ಲಿ (ಹೊಸ ಫ್ಲಾಸ್ಕಿಗೆ ಹಾಕಿ ಬೆಳೆಸಿದ ಸೆಲ್ ತಲೆಮಾರುಗಳಲ್ಲಿ) ನೋಡಿದರೂ ಅಷ್ಟೇ. "ಮಾರಾಯಾ, ಕರ್ಕ್ಯುಮಿನ್ ಬಿಟ್ಟು ಬೇರೇನಾದರೂ ಮಾಡು" ಎಂದಿದ್ದ ಮಂಗಳೂರಿನ ಸೀನಿಯರ್ ಈಗ ಪ್ಲೇಟ್ ಲೇಔಟ್ ಕೇಳುತ್ತಿದ್ದಾರೆ.

ಮೊದಲೆಲ್ಲ ಇಂಡೆಕ್ಸ್ 1 ದಾಟಿಯೇ ಬರುತ್ತಿತ್ತು. ಎರಡನ್ನೂ ಸೇರಿಸಿದರೆ ಬರೀ 5-ಎಫ್‌ಯು ಕೊಟ್ಟದ್ದಕ್ಕಿಂತ ಹೆಚ್ಚು ಸೆಲ್ ಬದುಕಿದ ಹಾಗೆ ಕಾಣುತ್ತಿತ್ತು. ಗುಟ್ಟು ಬಿಟ್ಟದ್ದು ಸೆಲ್ಲೇ ಇಲ್ಲದ ವೆಲ್, ಅಂದರೆ ಪ್ಲೇಟಿನ ಒಂದು ಗುಳಿ. ಮೀಡಿಯಂ (ಸೆಲ್ ಬೆಳೆಸುವ ದ್ರವ), ಕರ್ಕ್ಯುಮಿನ್, ಎಂಟಿಟಿ (ಬದುಕಿರುವ ಸೆಲ್‌ಗಳು ನೇರಳೆಗೆ ತಿರುಗಿಸುವ ಹಳದಿ ಬಣ್ಣ) ಇಷ್ಟೇ ಹಾಕಿ ಇಟ್ಟಿದ್ದೆ; ತೆಗೆದು ನೋಡಿದರೆ ತಳದಲ್ಲಿ ನೇರಳೆ! ಕರ್ಕ್ಯುಮಿನ್ ತಾನೇ ಎಂಟಿಟಿಯನ್ನು ಆ ನೇರಳೆ ಫಾರ್ಮಜಾನ್ ಮಾಡಿಬಿಡುತ್ತದೆ. ಅಲ್ಲಿಂದ ಸೆಲ್‌ನ ಪ್ರೋಟೀನಿಗೆ ಅಂಟುವ ಬಣ್ಣ ಎಸ್‌ಆರ್‌ಬಿಗೆ ಹೋದೆ. ತೊಳೆಯುವ ಕೆಲಸ ಜಾಸ್ತಿ, ಆದರೆ ಖಾಲಿ ವೆಲ್ ಖಾಲಿಯೇ ಇರುತ್ತದೆ.

ಇನ್ನೊಂದು ತಲೆನೋವು, ಕರ್ಕ್ಯುಮಿನ್ ನಿಲ್ಲುವುದಿಲ್ಲ. ಸೀರಂ (ಮೀಡಿಯಂಗೆ ಬೆರೆಸುವ ರಕ್ತದ ದ್ರವಭಾಗ) ಇಲ್ಲದ ಬಫರಿನಲ್ಲಿ ಪಿಎಚ್ 7.2, 37 ಡಿಗ್ರಿಯಲ್ಲಿ ಅರ್ಧ ಗಂಟೆಗೆ ಸುಮಾರು 90% ಒಡೆದುಹೋಗುತ್ತದೆ. ಶೇಕಡಾ 10 ಸೀರಂ ಇದ್ದರೆ ಎಂಟು ಗಂಟೆಗೆ ಅರ್ಧದಷ್ಟಾದರೂ ಉಳಿದೀತು. ಹಾಗಾಗಿ ಸೀರಂ ಉಳಿಸಲು ಹೋಗಬೇಡಿ. ಬಾಟಲಿಗೆ ನಲ್ವತ್ತು ಸಾವಿರದ ಹತ್ತಿರ ಕೊಟ್ಟವನು ಹೇಳುತ್ತಿದ್ದೇನೆ, ಹೊಟ್ಟೆ ಉರಿಯುತ್ತದೆ ನಿಜ. 5-ಎಫ್‌ಯುಗೆ ಅದರ ಮುಂದೆ ಚಿಲ್ಲರೆ ಕಾಸು. ಇಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗುವುದಂತೂ ಇದ್ದದ್ದೇ. ಇನ್‌ಕ್ಯುಬೇಟರಿಗೆ ಬೇರೆ ಇನ್ವರ್ಟರ್ ಹಾಕಿಸುವವರೆಗೆ ಎಷ್ಟು ಫ್ಲಾಸ್ಕ್ ಚೆಲ್ಲಿದೆನೋ!

ಎರಡನ್ನೂ ಒಟ್ಟಿಗೆ ಸುರಿಯಬೇಡಿ. ಕರ್ಕ್ಯುಮಿನ್ ಮೊದಲು, 10 ಮೈಕ್ರೊಮೋಲಾರ್ ಒಳಗೆ. ಆಮೇಲೆ 5-ಎಫ್‌ಯು, 5ರ ಆಚೀಚೆ. ಮಧ್ಯೆ ಎಷ್ಟು ಗಂಟೆ ಬಿಡಬೇಕು ಎಂಬುದು ಪೇಪರ್ ಆಗುವವರೆಗೆ ನನ್ನ ಹತ್ತಿರವೇ ಇರಲಿ. ಅಂಗಡಿ ಕರ್ಕ್ಯುಮಿನ್‌ನಲ್ಲಿ ಅದನ್ನೇ ಹೋಲುವ ಡೀಮೆಥಾಕ್ಸಿ, ಬಿಸ್‌ಡೀಮೆಥಾಕ್ಸಿ ರೂಪಗಳೆರಡೂ ಸೇರಿರುತ್ತವೆ. ಲಾಟ್ ಬದಲಾದರೆ ಡೋಸ್ ಕರ್ವ್ ಮತ್ತೆ ಹಾಕಿ.

ನಡುವೆ ತೋಟದ ಪುನರ್ಪುಳಿಯ (ಕೋಕಂ) ಮೇಲೂ ಕಣ್ಣು ಬಿತ್ತು. ಸಿಪ್ಪೆಯಲ್ಲಿ ಗಾರ್ಸಿನಾಲ್ ಎಂಬ ಸಂಯುಕ್ತ ಇದೆ. ಒಣಗಿಸಿ ಎಕ್ಸ್‌ಟ್ರ್ಯಾಕ್ಟ್ ತೆಗೆದೆ, ಸೆಲ್ ಸತ್ತವು. ಆದರೆ ಅದರಲ್ಲಿರುವ ಆಮ್ಲಕ್ಕೆ ಮೀಡಿಯಂ ಹಳದಿ ತಿರುಗಿತ್ತು. ಕೊಂದದ್ದು ಗಾರ್ಸಿನಾಲೋ ಹುಳಿಯೋ? ಪಿಎಚ್ ಸರಿಮಾಡಿದ ಮೇಲೆ ಅರ್ಧಕ್ಕರ್ಧ ಪರಿಣಾಮ ಮಾಯ. ಉಳಿದದ್ದರ ಬೆನ್ನು ಹತ್ತಲು ಈಗ ದುಡ್ಡಿಲ್ಲ.

ಊರಲ್ಲಿ ಸುದ್ದಿಯಾದ ಮೇಲೆ, ಕೀಮೋ ಬಿಟ್ಟು ಅರಿಶಿನ ಹಾಲು ಸಾಕೇ ಎಂದು ಕೇಳಿದವರಿದ್ದಾರೆ. ಖಂಡಿತ ಸಾಲದು, ಕೀಮೋ ಬಿಡಲೇಬಾರದು. ಗ್ರಾಂಗಟ್ಟಲೆ ತಿಂದರೂ ನನ್ನ ಪ್ಲೇಟಿನಲ್ಲಿರುವಷ್ಟು ಕರ್ಕ್ಯುಮಿನ್ ರಕ್ತಕ್ಕೆ ಇಳಿಯುವುದಿಲ್ಲ.

ಸದ್ಯ ಎಚ್‌ಟಿ-29 ಎಂಬ ಇನ್ನೊಂದು ಕರುಳಿನ ಕ್ಯಾನ್ಸರ್ ಸೆಲ್ ಮೇಲೆ ಪ್ರಯೋಗ ನಡೆಯುತ್ತಿದೆ. ಎಚ್‌ಸಿಟಿ116ರಲ್ಲಿ ಪಿ53 (ಕೆಟ್ಟ ಸೆಲ್ ಬೆಳೆಯದಂತೆ ತಡೆಯುವ ಜೀನ್) ಸರಿಯಿದೆ, ಇದರಲ್ಲಿ ಕೆಟ್ಟಿದೆ. ಇಂಡೆಕ್ಸ್ 0.85ರಿಂದ ಕೆಳಗಿಳಿಯುತ್ತಿಲ್ಲ. ಎರಡರ ಮಧ್ಯೆ ಬಿಡುವ ಗಂಟೆಯ ಲೆಕ್ಕ ಇಲ್ಲಿ ಬೇರೆಯೇ ಇರಬೇಕು.