ರಾತ್ರಿ ತೋಟಕ್ಕೆ ಬಂದವರು ಯಾರು? ಬೂದಿ ಹರಡಿ ನೋಡಿ

ಅಡಿಕೆ ಸಸಿ ಬಿದ್ದರೆ ನಾವೆಲ್ಲ ಮೊದಲು ಬೈಯುವುದು ಕಾಡುಹಂದಿಗೆ, ಅಲ್ವಾ? ನಾನೂ ಎರಡು ವರ್ಷ ಸುಮ್ನೆ ಬೈದೆ. ಕೊನೆಗೆ ಒಂದು ಸಂಜೆ ದಣಪೆ (ಬೇಲಿಯ ಬಾಗಿಲು) ಹತ್ತಿರ ಒಂದು ಮಾರು ಜಾಗ ಗುಡಿಸಿ, ಒಲೆ ಬೂದಿಯನ್ನು ಜರಡಿ ಹಿಡಿದು ತೆಳ್ಳಗೆ ಹರಡಿದೆ. ಬೆಳಗ್ಗೆ ನೋಡಿದರೆ ಪುಟ್ಟ ಮಗುವಿನ ಅಂಗೈ ಒತ್ತಿದ ಹಾಗೆ ಗುರುತು, ಪಕ್ಕದಲ್ಲಿ ಕಡ್ಡಿ ಎಳೆದಂಥ ಗೀರು. ಮುಳ್ಳುಹಂದಿ! ಆ ಗೀರು ಅದರ ಮುಳ್ಳಿನದು.

ಬಿದ್ದ ಸಸಿಯ ಬುಡವನ್ನೂ ನೋಡಿ. ಮುಳ್ಳುಹಂದಿ ಕೊರೆದಿದ್ದರೆ ಉಳಿ ಎಳೆದ ಹಾಗೆ ಹಲ್ಲಿನ ಗೆರೆ ಇರುತ್ತದೆ. ಕಾಡುಹಂದಿಯಾದರೆ ನೆಲ ಉತ್ತ ಹಾಗಿರುತ್ತದೆ, ಗೊರಸಿನ ಹಿಂದೆ ಎರಡು ಸಣ್ಣ ಗುರುತು ಜಾಸ್ತಿ. ಮುಳ್ಳುಹಂದಿಗೆ ಬುಡದ ಸುತ್ತ ತಂತಿ ಬಲೆ ಸಾಕು, ಆದರೆ ಒಂದು ಗೇಣು ಮಣ್ಣೊಳಗೆ ಹೂಳಬೇಕು. ಇಲ್ಲದಿದ್ದರೆ ಅಡಿಯಿಂದ ಕೆದಕುತ್ತದೆ. ಉರುಳು, ಕರೆಂಟ್ ತಂತಿ ಬೇಡವೇ ಬೇಡ. ಪ್ರಾಣಿಗೂ ಕುತ್ತು, ಪಕ್ಕದ ಮನೆಯವರಿಗೂ ಕುತ್ತು, ಮೇಲೆ ಕೇಸು.

ದನದ್ದಕ್ಕಿಂತ ದೊಡ್ಡ ಗೊರಸು ಕಂಡರೆ ಅದು ಕಾಡುಕೋಣ. ಒಂದು ಟನ್ ತೂಗುವ ಗಂಡೂ ಇರುತ್ತದೆ. ಓಡಿಸಲು ಹೋಗಬೇಡಿ.

ನಾಯಿಯದೋ ಚಿರತೆಯದೋ ಅನ್ನುವ ಅನುಮಾನವಿದ್ದರೆ ಉಗುರು ನೋಡಿ. ನಾಯಿ ಹೆಜ್ಜೆಯಲ್ಲಿ ಉಗುರು ಮೂಡಿರುತ್ತದೆ. ಚಿರತೆ ನಡೆಯುವಾಗ ಉಗುರು ಒಳಗೆ ಎಳೆದುಕೊಂಡಿರುತ್ತದೆ. ಚಿರತೆಯೇ ಆದರೆ ನಾಯಿಯನ್ನು ಒಳಗೆ ಕಟ್ಟಿ, ಅರಣ್ಯ ಸಹಾಯವಾಣಿ 1926ಕ್ಕೆ ಹೇಳಿ.

ಗೋಡೆ ಮೇಲೆ ಕಾಫಿ ಬೀಜ ತುಂಬಿದ ಹಿಕ್ಕೆ ಕಂಡರೆ ಪುನುಗು ಬೆಕ್ಕು. ಅದರ ಪಾಡಿಗೆ ಬಿಡಿ, ಇಲಿ ಹಿಡಿಯುತ್ತದೆ.