ಸ್ಪೀಡಾಗಿ ಕಾಣುವ ಅಕ್ಷರ
ಸ್ಟಿಕರ್ ಕಟಿಂಗ್, ಜೆರ್ಸಿ ಪ್ರಿಂಟಿಂಗ್ ನನ್ನ ಕೆಲಸ. ಅಂಗಡಿಗೆ ಬರುವ ಹುಡುಗರು ಫಾಂಟಿನ ಹೆಸರು ಹೇಳುವುದಿಲ್ಲ. “ಅಣ್ಣಾ, ಸ್ವಲ್ಪ ಸ್ಪೀಡಾಗಿ ಕಾಣ್ಬೇಕು” ಅನ್ನುತ್ತಾರೆ, ಅಷ್ಟೇ. ಅಂದರೆ ಅಕ್ಷರ ದಪ್ಪಗಿರಬೇಕು, ಬಲಕ್ಕೆ ವಾಲಿರಬೇಕು, ಕಾಲಿಗೆ ತಲೆಗೆ ಗೀಟು ಅಂಟಿರಬಾರದು. ಬೋಲ್ಡ್ ಇಟಾಲಿಕ್ ಸಾನ್ಸ್ ಅಂದರೆ ಅದೇ.

ಮೊದಮೊದಲು ನಾನು ಯಾವುದೋ ದಪ್ಪ ಫಾಂಟ್ ಹಾಕಿ, ಕೋರೆಲ್ ಅನ್ನುವ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಎರಡು ಸಲ ಕ್ಲಿಕ್ ಮಾಡಿ, ಮೇಲಿನ ಬಾಣ ಹಿಡಿದು ಬಲಕ್ಕೆ ಎಳೆದುಬಿಡುತ್ತಿದ್ದೆ. ದೂರದಿಂದ ಚೆನ್ನಾಗಿಯೇ ಕಾಣುತ್ತಿತ್ತು. ಒಂದು ದಿನ ಇಂಗ್ಲಿಷಿನ ‘ಓ’ ಅಕ್ಷರವನ್ನು ದೊಡ್ಡದು ಮಾಡಿ ನೋಡಿದೆ: ಬಲ ಮೇಲ್ಮೂಲೆ, ಎಡ ಕೆಳಮೂಲೆ ಊದಿಕೊಂಡಿವೆ, ಉಳಿದೆರಡು ಮೂಲೆ ಬಡಕಲು. ಒಳ್ಳೆಯ ಫಾಂಟ್ ಮಾಡುವವರು ವಾಲಿಸಿದ ಮೇಲೆ ಇದನ್ನೆಲ್ಲ ಕೂತು ತಿದ್ದುತ್ತಾರೆ. ಗಿಲ್ ಸಾನ್ಸ್‌ನಂಥ ಫಾಂಟಿನ ಇಟಾಲಿಕ್‌ನಲ್ಲಿ ಇಂಗ್ಲಿಷಿನ ಸಣ್ಣ ‘ಎ’ (a) ಅಕ್ಷರದ ಆಕಾರವೇ ಬದಲಾಗುತ್ತದೆ. ಹೆಲ್ವೆಟಿಕಾ ಫಾಂಟಿನಲ್ಲಿ ನೆಟ್ಟಗಿನ ಅಕ್ಷರದ ಆಕಾರವೇ 12 ಡಿಗ್ರಿ ವಾಲುತ್ತದೆ, ಅದಕ್ಕೇ ಅದನ್ನು ಆಬ್ಲಿಕ್ ಅನ್ನುವುದು. ಜೆರ್ಸಿಗೆ ನನಗೆ ಆಬ್ಲಿಕ್ಕೇ ಇಷ್ಟ, ಅದರಲ್ಲಿ ನಾಜೂಕು ಕಡಿಮೆ.

ಈ ಅಕ್ಷರದ ತಾಕತ್ತು ನೋಡಬೇಕಾದರೆ ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ ಅವರ ಕೆಲಸ ನೋಡಿ. ಕಪ್ಪುಬಿಳುಪು ಫೋಟೊ, ಮೇಲೊಂದು ಕೆಂಪು ಪಟ್ಟಿ, ಅದರಲ್ಲಿ ಫ್ಯೂಚುರಾ ಬೋಲ್ಡ್ ಆಬ್ಲಿಕ್‌ನಲ್ಲಿ ನಾಲ್ಕೈದು ಬಿಳಿ ಪದ. ಪೌಲ್ ರೆನ್ನರ್ 1927ರಲ್ಲಿ ತಂದ ಫ್ಯೂಚುರಾ ಕುಟುಂಬದ್ದೇ ಅದು. ಗದರಿಸಿದ ಹಾಗಿರುತ್ತದೆ. ಅದರಲ್ಲೇ ಒಂದು ಪುಟ ಓದಿ ಅಂದರೆ ಮಾತ್ರ ನನ್ನಿಂದ ಆಗಲ್ಲ.

ಕನ್ನಡದಲ್ಲಿ ಕಥೆಯೇ ಬೇರೆ. ಒಂದು ಕಬಡ್ಡಿ ತಂಡದ 12 ಜೆರ್ಸಿ ಬಂದಿದ್ದವು, ಹೆಸರಿನಲ್ಲಿ ‘ಕೃಷ್ಣ’ ಇತ್ತು. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಗೆರೆ ಮೇಲೆ ನಿಲ್ಲುತ್ತವೆ, ನಮ್ಮವಕ್ಕೆ ಕೆಳಗೊಂದು ಅಂತಸ್ತು ಜಾಸ್ತಿ. 12 ಡಿಗ್ರಿ ಎಳೆದರೆ ತಲಕಟ್ಟು ಬಲಕ್ಕೆ ಓಡುತ್ತದೆ, ಗೆರೆಯಿಂದ 3 ಸೆಂಟಿಮೀಟರ್ ಕೆಳಗಿರುವ ಒತ್ತು 6 ಮಿಲಿಮೀಟರ್ ಎಡಕ್ಕೆ ಜಾರುತ್ತದೆ. ನಾನು ನೋಡಲೇ ಇಲ್ಲ, ಹನ್ನೆರಡೂ ಒತ್ತಿಬಿಟ್ಟೆ. ಕ್ಯಾಪ್ಟನ್ ಹುಡುಗ ತಲೆ ಓರೆ ಮಾಡಿ ನೋಡಿದ. “ಅಣ್ಣಾ, ಕೃಷ್ಣ ಕಾಲು ಜಾರಿ ಬೀಳ್ತಾ ಇದಾನಲ್ಲ!” ನನ್ನ ಖರ್ಚಿನಲ್ಲೇ ಮತ್ತೆ ಮಾಡಿಕೊಟ್ಟೆ.

ಈಗ ಕನ್ನಡವನ್ನು 7-8 ಡಿಗ್ರಿಗಿಂತ ಜಾಸ್ತಿ ವಾಲಿಸುವುದಿಲ್ಲ. ಅಕ್ಷರವನ್ನು ಕರ್ವ್ ಮಾಡಿ, ಅಂದರೆ ಬಿಡಿಸಬಹುದಾದ ಗೆರೆಚಿತ್ರ ಮಾಡಿ, ಒತ್ತನ್ನು ಬಿಡಿಸಿ, ಕಣ್ಣಳತೆಯಲ್ಲಿ ಸ್ವಲ್ಪ ಬಲಕ್ಕೆ ತಳ್ಳುತ್ತೇನೆ. ತೀರಾ ದಪ್ಪ ಫಾಂಟನ್ನೂ ಬಿಟ್ಟೆ, ‘ಷ’ದ ಹೊಟ್ಟೆಯೊಳಗಿನ ಚೂರು ವಿನೈಲ್ (ಸ್ಟಿಕರ್ ಹಾಳೆ) ಕೀಳುವಷ್ಟರಲ್ಲಿ ಜೀವ ಹೋಗುತ್ತದೆ.

ಗಾಡಿಗೆ ಅಂಟಿಸುವಾಗ ಇನ್ನೊಂದು ತಮಾಷೆ. ಡ್ರೈವರ್ ಕಡೆ, ಅಂದರೆ ಬಲಗಡೆ, ಅಕ್ಷರ ಗಾಡಿ ಹೋಗುವ ದಿಕ್ಕಿಗೇ ವಾಲಿರುತ್ತದೆ. ಎಡಗಡೆ ಅದೇ ಸ್ಟಿಕರ್ ಹಿಂದಕ್ಕೆ ವಾಲುತ್ತದೆ, ಗಾಡಿಗೆ ಯಾರೋ ಬ್ರೇಕ್ ಹಾಕಿದ ಹಾಗೆ. ಉಲ್ಟಾ ವಾಲಿಸಿ ನೋಡಿದೆ, ಓದೋಕೇ ಆಗಲಿಲ್ಲ. ಹಾಗಾಗಿ ಎಡಗಡೆಗೆ ನೆಟ್ಟಗಿನ ಬೋಲ್ಡ್ ಹಾಕಿ ಕಳಿಸುತ್ತೇನೆ. ಯಾಕೆ ಅಂತ ಇಲ್ಲಿವರೆಗೆ ಒಬ್ಬರೂ ಕೇಳಿಲ್ಲ.